ಏರಿದ ದಿಬ್ಬದ ಸಾಲ
(ಬಲ, ಚಲನೆ, ಶಕ್ತಿ ಇವುಗಳನ್ನು ಕುರಿತು ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜೋಪಚಾರ, ಗೊಬ್ಬರದ ಗುಂಡಿ, ಸಾಲುಬಿತ್ತನೆ ಇವುಗಳನ್ನು ಕುರಿತು ನಿಮ್ಮೊಡನೆ ಅನೇಕ ಸಲ ಮಾತನಾಡಿದ್ದೇನೆ. ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಬಲ, ಚಲನೆ, ಸಂವೇಗ, ಶಕ್ತಿ ಎಂದು ಶಾಲೆಯಲ್ಲಿ ನಿಮ್ಮ ಮಕ್ಕಳು ಓದುತ್ತಾರಲ್ಲ, ಆ ವಿಷಯ. ಇದು ರೈತನಿಗೇಕೆ ಎಂದು ಯಾರೂ ಕೇಳಬೇಡಿ. ಬಂಡಿ ಹೂಡುವವನಿಗೂ ಬಾವಿಯಿಂದ ನೀರು ಸೇದುವವಳಿಗೂ ಈ ವಿಜ್ಞಾನದ ಅರ್ಧ ಭಾಗ ಕೈಗಳಿಗೇ ಗೊತ್ತಿದೆ. ಉಳಿದ ಅರ್ಧ ಗೊತ್ತಿಲ್ಲದೆ ಹೋದರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಕಡೆಯ ಹಲವರು ಸೊಪ್ಪು, ತರಕಾರಿ, ರಾಗಿ ಹೇರಿಕೊಂಡು ಮಾಗಡಿ ರಸ್ತೆ ಹಿಡಿದು, ಸುಂಕದಕಟ್ಟೆಯ ಕಡೆಯಿಂದ ಒಳಗೆ ತಿರುಗಿ, ಅನ್ನಪೂರ್ಣೇಶ್ವರಿ ನಗರದ ಬೀದಿಗಳಲ್ಲಿ ಮಾರಾಟ ಮಾಡಿ ಬರುತ್ತಾರೆ. ಕೆಲವು ವರ್ಷದ ಕೆಳಗೆ ಅಂಥ ಒಂದು ಟ್ರ್ಯಾಕ್ಟರಿನಲ್ಲಿ ನಾನೂ ಹೋಗುತ್ತಿದ್ದೆ. ಮೂಟೆಗಳ ಮೇಲೆ ಕುಳಿತಿದ್ದೆ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವಿನ ಕೊಂಡಿಯ ಮೇಲೆ ಒಬ್ಬ ಹುಡುಗ ಕಾಲು ಇಳಿಬಿಟ್ಟು ಕುಳಿತಿದ್ದ. ಮುಖ್ಯ ರಸ್ತೆ ಸೇರುವ ಮೊದಲು ಒಂದು ದಿಬ್ಬವಿದೆ. ದಿಬ್ಬದ ನೆತ್ತಿಗೆ ಬಂದೊಡನೆ ಡೀಸೆಲ್ ಉಳಿಯಲೆಂದು ಚಾಲಕರು ಗಾಡಿಯನ್ನು ನ್ಯೂಟ್ರಲ್ ಮಾಡಿದರು. ಅದು ತಪ್ಪೆಂದು ನನಗೆ ಗೊತ್ತಿತ್ತು. ಹಿರಿಯರು, ಇಪ್ಪತ್ತು ವರ್ಷ ಗಾಡಿ ನಡೆಸಿದವರು, ನಾನೇನು ಹೇಳುವುದೆಂದು ಸುಮ್ಮನಿದ್ದೆ. ಕೆಳಗೆ ತಿರುವಿನಲ್ಲಿ ಒಂದು ದನ ಅಡ್ಡ ಬಂತು. ಬ್ರೇಕು ಒತ್ತಿದರು. ಟ್ರ್ಯಾಕ್ಟರು ನಿಲ್ಲಲು ನೋಡಿತು, ಟ್ರೈಲರು ನಿಲ್ಲಲಿಲ್ಲ. ಅದು ಹಿಂದಿನಿಂದ ತಳ್ಳಿ, ಅಡ್ಡ ತಿರುಗಿ, ಹಳ್ಳಕ್ಕೆ ಬಿತ್ತು. ದನಕ್ಕೆ ಏನೂ ಆಗಲಿಲ್ಲ. ಹುಡುಗನ ಒಂದು ಪಾದ ಹೋಯಿತು.

ಆಸ್ಪತ್ರೆಯ ಜಗುಲಿಯಲ್ಲಿ ಅವನ ತಾಯಿ ನನ್ನನ್ನು ಕೇಳಿದರು: "ನೀನು ಓದಿದವನಲ್ಲವೇನಪ್ಪಾ, ನಿನಗೆ ತಿಳಿದಿರಲಿಲ್ಲವೇ?" ನಾನು ಉತ್ತರ ಹೇಳಲಿಲ್ಲ. ಅಂದು ಸುಮ್ಮನಿದ್ದುದಕ್ಕೆ ಇಂದು ಮಾತನಾಡುತ್ತಿದ್ದೇನೆ ಎಂದು ತಿಳಿಯಿರಿ.

ಬೀಸುಕಲ್ಲಿನ ಪಾಠ

ಮೊದಲು ತಾಯಂದಿರಿಗೆ ಗೊತ್ತಿರುವ ಮಾತಿನಿಂದ ಆರಂಭಿಸೋಣ. ಬೀಸುಕಲ್ಲನ್ನು ಮೊದಲ ಸುತ್ತು ತಿರುಗಿಸುವುದು ಕಷ್ಟ. ತಿರುಗಲು ಹತ್ತಿದ ಮೇಲೆ ಕೈ ಹಗುರಾಗುತ್ತದೆ. ಕೈ ಬಿಟ್ಟರೂ ಕಲ್ಲು ಅರ್ಧ ಸುತ್ತು ತಾನೇ ಹೋಗುತ್ತದೆ. ನಿಂತ ವಸ್ತು ನಿಂತೇ ಇರಲು ಬಯಸುತ್ತದೆ. ನಡೆಯುತ್ತಿರುವ ವಸ್ತು ನೇರವಾಗಿ ನಡೆಯುತ್ತಲೇ ಇರಲು ಬಯಸುತ್ತದೆ. ಈ ಸ್ವಭಾವಕ್ಕೆ ಜಡತ್ವವೆಂದು ಹೆಸರು. ಅದನ್ನು ಬದಲಿಸಬೇಕಾದರೆ ಹೊರಗಿನಿಂದ ಬಲ ಬೇಕು. ಇಂಗ್ಲೆಂಡಿನ ಐಸಾಕ್ ನ್ಯೂಟನ್ ಎಂಬ ವಿದ್ವಾಂಸನು 1687ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಚಲನೆಗೆ ಮೂರು ನಿಯಮಗಳನ್ನು ಕೊಟ್ಟನು. ಅವುಗಳಲ್ಲಿ ಮೊದಲನೆಯದು ಇದೇ.

ಹಾಗಾದರೆ ಬೀಸುಕಲ್ಲು ಕೊನೆಗೆ ನಿಲ್ಲುವುದೇಕೆ? ಕಲ್ಲಿಗೂ ಕಲ್ಲಿಗೂ ಉಜ್ಜುವುದರಿಂದ. ಅದು ಘರ್ಷಣೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಈ ಘರ್ಷಣೆಯನ್ನು ಕಡಿಮೆ ಮಾಡಲಿಕ್ಕೆ. ಬ್ರೇಕು ಒತ್ತುವುದು ಅದೇ ಘರ್ಷಣೆಯನ್ನು ಬೇಕೆಂದೇ ಹೆಚ್ಚಿಸಲಿಕ್ಕೆ.

ಈಗ ಟ್ರೈಲರಿನ ಮೇಲಿನ ಮೂಟೆಗಳನ್ನು ನೆನೆಯಿರಿ. ಗಾಡಿಯ ಜೊತೆಗೆ ಅವೂ ಅಷ್ಟೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತವೆ. ಗಾಡಿಗೆ ಬ್ರೇಕು ಉಂಟು, ಮೂಟೆಗೆ ಬ್ರೇಕು ಇಲ್ಲ. ಗಾಡಿ ತಟ್ಟನೆ ನಿಂತರೆ ಕಟ್ಟದ ಮೂಟೆ ಮುಂದಕ್ಕೇ ಹೋಗುತ್ತದೆ. ಅದರ ಮೇಲೆ ಕುಳಿತ ಮನುಷ್ಯನೂ ಅಷ್ಟೆ. ಹಗ್ಗ ಬಿಗಿದು ಕಟ್ಟುವುದು ಮೂಟೆ ಕೆಳಗೆ ಬೀಳದಿರಲೆಂದು ಮಾತ್ರವಲ್ಲ. ಗಾಡಿ ನಿಂತಾಗ ಮೂಟೆಯನ್ನೂ ನಿಲ್ಲಿಸಲು ಬೇಕಾದ ಬಲವನ್ನು ಆ ಹಗ್ಗವೇ ಕೊಡಬೇಕು.

ತೂಕ ಮತ್ತು ವೇಗ ಕೂಡಿದರೆ

ನ್ಯೂಟನ್ನನ ಎರಡನೆಯ ನಿಯಮ ಲೆಕ್ಕದ ನಿಯಮ. ಬೈಸಿಕಲ್ಲಿನಲ್ಲಿ ನಿಧಾನವಾಗಿ ಬರುವ ಹುಡುಗನನ್ನು ಹ್ಯಾಂಡಲ್ ಹಿಡಿದು ನಿಲ್ಲಿಸಬಹುದು. ಅದೇ ನಿಧಾನದಲ್ಲಿ ಬರುವ ತುಂಬಿದ ಬಂಡಿಯನ್ನು ಕೈಯಿಂದ ನಿಲ್ಲಿಸಲಾಗದು. ವೇಗ ಒಂದೇ ಆದರೂ ತೂಕ ಬೇರೆ. ತೂಕವನ್ನೂ ವೇಗವನ್ನೂ ಗುಣಿಸಿದರೆ ಬರುವುದು ಸಂವೇಗ. ಈ ಸಂವೇಗವನ್ನು ಎಷ್ಟು ಬೇಗ ಕಳೆಯಬೇಕೋ ಅಷ್ಟು ಹೆಚ್ಚು ಬಲ ಬೇಕು. ನಿಧಾನವಾಗಿ ಕಳೆದರೆ ಅಲ್ಪ ಬಲ ಸಾಕು.

ಇದೂ ನಿಮಗೆ ಹೊಸದಲ್ಲ. ಮೇಲಿನಿಂದ ಎಸೆದ ತೆಂಗಿನಕಾಯಿಯನ್ನು ಹಿಡಿಯುವಾಗ ಕೈಗಳನ್ನು ಕಾಯಿಯ ಜೊತೆಗೇ ಕೆಳಕ್ಕೆ ತರುತ್ತೀರಿ. ಕೈ ಗಟ್ಟಿಯಾಗಿಟ್ಟರೆ ಅಂಗೈ ಉರಿಯುತ್ತದೆ. ಜಗುಲಿಯಿಂದ ಹಾರುವಾಗ ಮೊಣಕಾಲು ಬಗ್ಗಿಸುತ್ತೀರಿ. ಸಂವೇಗ ಅಷ್ಟೇ, ಅದನ್ನು ಕಳೆಯುವ ಕಾಲವನ್ನು ಸ್ವಲ್ಪ ಹೆಚ್ಚಿಸಿದ್ದರಿಂದ ಪೆಟ್ಟು ಕಡಿಮೆಯಾಯಿತು. ಮೋಟಾರು ಸೈಕಲ್ಲಿನವರ ಹೆಲ್ಮೆಟ್ಟಿನೊಳಗಿನ ಮೆತ್ತೆ ಮಾಡುವ ಕೆಲಸವೂ ಇದೇ. ತಲೆ ನಿಲ್ಲುವ ಕಾಲವನ್ನು ಅದು ಕ್ಷಣದಷ್ಟು ಹೆಚ್ಚಿಸುತ್ತದೆ. ಆ ಕ್ಷಣದಲ್ಲೇ ಜೀವ ಉಳಿಯುವುದು.

ಈಗ ನಮ್ಮ ಟ್ರ್ಯಾಕ್ಟರಿಗೆ ಬರೋಣ. ಟ್ರ್ಯಾಕ್ಟರು 2 ಟನ್, ಟ್ರೈಲರು ಹೇರು ಸೇರಿ 3 ಟನ್ ಎಂದು ಹಿಡಿಯಿರಿ. ಬರಿಯ ಟ್ರ್ಯಾಕ್ಟರು ಒಂದು ವೇಗದಲ್ಲಿ ಬ್ರೇಕು ಹಾಕಿದರೆ 5 ಮೀಟರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳೋಣ. ಟ್ರೈಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ, ಅದೇ ಬ್ರೇಕು ಈಗ 2 ಟನ್ನಿನ ಬದಲು 5 ಟನ್ನನ್ನು ನಿಲ್ಲಿಸಬೇಕು. ಬಲ ಅಷ್ಟೇ, ಭಾರ ಎರಡೂವರೆ ಪಾಲು. ಆದುದರಿಂದ ದೂರವೂ ಎರಡೂವರೆ ಪಾಲು, ಅಂದರೆ ಹನ್ನೆರಡೂವರೆ ಮೀಟರು. ಅಷ್ಟು ಹೊತ್ತೂ ಹಿಂದಿನ 3 ಟನ್ ಮುಂದಿನ 2 ಟನ್ನನ್ನು ತಳ್ಳುತ್ತಲೇ ಇರುತ್ತದೆ. ರಸ್ತೆ ನೇರವಾಗಿದ್ದರೆ ಸರಿ. ತಿರುವಾಗಿದ್ದರೆ ಆ ತಳ್ಳುವಿಕೆ ಟ್ರ್ಯಾಕ್ಟರನ್ನು ಅಡ್ಡಕ್ಕೆ ಮಡಿಸುತ್ತದೆ. ಅಂದು ನಮಗಾದದ್ದು ಇದೇ.

ಏರಿದ್ದು ಎಲ್ಲಿ ಹೋಯಿತು?

ಇನ್ನು ಶಕ್ತಿಯ ವಿಷಯ. ಈ ಭಾಷಣದ ತಿರುಳು ಇಲ್ಲಿದೆ.

ನಮ್ಮ ಹಿರಿಯರಲ್ಲಿ ಕೆಲವರು ಕಪಿಲೆ ಹೊಡೆದವರು. ಬಾವಿಯ ದಡದಿಂದ ಇಳಿಜಾರಾಗಿ ದಾರಿ ಕಡಿದಿರುತ್ತಿದ್ದರು. ಎತ್ತುಗಳು ಆ ಇಳಿಜಾರಿನಲ್ಲಿ ಇಳಿಯುವಾಗ ನೀರು ತುಂಬಿದ ಬಾನಿ ಮೇಲೆ ಬರುತ್ತಿತ್ತು. ಎತ್ತುಗಳು ತಮ್ಮ ಮೈಭಾರವನ್ನು ಹಗ್ಗದ ಮೇಲೆ ಬಿಟ್ಟು ಇಳಿಯುತ್ತಿದ್ದುದರಿಂದ ಎಳೆಯುವ ಶ್ರಮ ಕಡಿಮೆಯಾಗುತ್ತಿತ್ತು. ಆದರೆ ಲಾಭ ಪುಕ್ಕಟೆ ಬಂದದ್ದಲ್ಲ. ಬಾನಿ ಬರಿದಾದ ಮೇಲೆ ಎತ್ತುಗಳು ಮತ್ತೆ ಆ ಇಳಿಜಾರನ್ನು ಏರಬೇಕಿತ್ತು. ಏರುವಾಗ ತಮ್ಮ ಮೈಯನ್ನು ಮೇಲೆತ್ತಲು ಎತ್ತುಗಳು ಪಟ್ಟ ದುಡಿಮೆ, ಇಳಿಯುವಾಗ ನೀರಿನ ರೂಪದಲ್ಲಿ ಮೇಲೆ ಬರುತ್ತಿತ್ತು.

ಎತ್ತರದಲ್ಲಿರುವ ವಸ್ತುವಿನಲ್ಲಿ ಹೀಗೆ ಅಡಗಿರುವ ಶಕ್ತಿಗೆ ಪ್ರಚ್ಛನ್ನ ಶಕ್ತಿ ಎನ್ನುತ್ತಾರೆ. ಚಲಿಸುವ ವಸ್ತುವಿನ ಶಕ್ತಿಗೆ ಚಲನಶಕ್ತಿ ಎನ್ನುತ್ತಾರೆ. ಒಂದು ಇನ್ನೊಂದಾಗಿ ಮಾರ್ಪಡುತ್ತದೆ. ಶಾಖವಾಗಿಯೂ ಮಾರ್ಪಡುತ್ತದೆ. ಆದರೆ ಇಲ್ಲದಿರುವುದು ಹುಟ್ಟುವುದಿಲ್ಲ, ಇರುವುದು ಅಳಿಯುವುದೂ ಇಲ್ಲ. ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ತಪ್ಪು ಇದ್ದೀತು, ಈ ಲೆಕ್ಕದಲ್ಲಿ ತಪ್ಪಿಲ್ಲ.

ಇದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ನಿದರ್ಶನ ಕಾವೇರಿ ನದಿ. ಶಿವನಸಮುದ್ರದಲ್ಲಿ ಕಾವೇರಿ ಮೇಲಿನಿಂದ ಧುಮುಕುತ್ತಾಳೆ. ಆ ಬೀಳುವ ನೀರಿನ ಶಕ್ತಿಯಿಂದ 1902ರಲ್ಲಿಯೇ ವಿದ್ಯುತ್ತು ಉತ್ಪಾದಿಸಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಿದರು. 1905ರಲ್ಲಿ ಬೆಂಗಳೂರಿಗೂ ವಿದ್ಯುದ್ದೀಪ ಬಂತು. ಅಲ್ಲಿ ನೀರು ಇಳಿದು ನಮಗೆ ಶಕ್ತಿಯನ್ನು ಕೊಟ್ಟಿತು.

ಈಗ ಅದೇ ಕಾವೇರಿಯನ್ನು ಮೇಲೆತ್ತುವ ಲೆಕ್ಕ ನೋಡಿ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವ ಊರು. 1974ರಿಂದ ಕಾವೇರಿಯ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತರುತ್ತಿದ್ದಾರೆ. ದೂರ ಸುಮಾರು 100 ಕಿಲೋಮೀಟರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪುಗಳು ನೀರನ್ನು ಮೇಲಕ್ಕೆ ತಳ್ಳುತ್ತವೆ. ಪಂಪುಗಳು ಒಟ್ಟು ಸುಮಾರು 500 ಮೀಟರು ಎತ್ತುವಷ್ಟು ದುಡಿಯುತ್ತವೆ.

ನಿಮ್ಮ ಮೀಟರಿನ ಒಂದು ಯೂನಿಟ್ ವಿದ್ಯುತ್ತು ಎಂದರೆ 1000 ಲೀಟರು ನೀರನ್ನು ಸುಮಾರು 367 ಮೀಟರು ಎತ್ತುವಷ್ಟು ಶಕ್ತಿ. ಹೀಗಿರುವಲ್ಲಿ ಬೆಂಗಳೂರಿಗೆ 1000 ಲೀಟರು ಕಾವೇರಿ ನೀರು ಮುಟ್ಟಬೇಕಾದರೆ ಕಡಿಮೆಯೆಂದರೂ ಒಂದೂಕಾಲು ಯೂನಿಟ್ಟಿಗಿಂತ ಹೆಚ್ಚು ಬೇಕು. ಪಂಪಿನಲ್ಲಿ ನಷ್ಟವಾಗುವುದು ಇದರ ಮೇಲೆ. ನೀವು ಅನ್ನಪೂರ್ಣೇಶ್ವರಿ ನಗರಕ್ಕೆ ಹೋದಾಗ ಮನೆಯ ಮುಂದೆ ಕಾವೇರಿ ನೀರಿನಲ್ಲಿ ಯಾರಾದರೂ ಕಾರು ತೊಳೆಯುತ್ತಿದ್ದರೆ, ಅಷ್ಟು ಶಕ್ತಿ ಖರ್ಚು ಮಾಡಿ ಮೇಲಕ್ಕೆ ಹೊತ್ತು ತಂದ ನೀರು ಅದು ಎಂದು ನೆನೆಯಿರಿ.

ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ? ನಗರದ ಪಡುವಣ ಭಾಗದ ಮೋರಿಯ ನೀರು ವೃಷಭಾವತಿಗೆ ಸೇರುತ್ತದೆ. ಅಲ್ಲಿಂದ ಬೈರಮಂಗಲದ ಕೆರೆ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಮತ್ತೆ ಕಾವೇರಿ. ಖರ್ಚು ಮಾಡಿ ಮೇಲೆತ್ತಿದ ನೀರು ತಾನಾಗಿಯೇ ಇಳಿದು ಹೋಗುತ್ತದೆ. ಹಾಗೆ ಇಳಿಯುವಾಗ ಅದರ ಶಕ್ತಿ ಕಲ್ಲಿಗೆ, ದಡಕ್ಕೆ ಉಜ್ಜಿ ಶಾಖವಾಗಿ ಚದುರುತ್ತದೆ. ಎತ್ತಿದ್ದು ಇಳಿಯಲೇಬೇಕು. ಇಳಿಯುವಾಗ ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಈ ಮಾತನ್ನು ಹಿಡಿದುಕೊಂಡು ನಮ್ಮ ದಿಬ್ಬಕ್ಕೆ ಹಿಂತಿರುಗೋಣ.

ದಿಬ್ಬ ಇಳಿಯುವ ಲೆಕ್ಕ

10 ಮೀಟರು ಎತ್ತರದ ದಿಬ್ಬ. 5 ಟನ್ನಿನ ಗಾಡಿ. ಏರುವಾಗ ಎಂಜಿನ್ನು ಡೀಸೆಲ್ ಸುಟ್ಟು ಆ 5 ಟನ್ನನ್ನು 10 ಮೀಟರು ಎತ್ತಿತು. ಅದು ಗಾಡಿಯ ಮೇಲೆ ಕುಳಿತ ಸಾಲದಂತೆ. ಇಳಿಯುವಾಗ ತೀರಿಸಬೇಕು.

ನ್ಯೂಟ್ರಲ್ ಮಾಡಿ ಬಿಟ್ಟರೆ ಆ ಶಕ್ತಿಗೆ ಹೋಗಲು ಬೇರೆ ದಾರಿಯಿಲ್ಲ. ಎಲ್ಲವೂ ವೇಗವಾಗುತ್ತದೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ದಿಬ್ಬದ ಕೆಳಗೆ ವೇಗ ಗಂಟೆಗೆ 50 ಕಿಲೋಮೀಟರು. ಘರ್ಷಣೆಯಿಂದ ಸ್ವಲ್ಪ ಕಡಿಮೆಯಾದೀತು. ಆದರೂ ಅದು ಹೇರು ತುಂಬಿದ ಟ್ರೈಲರು ಓಡಬಾರದ ವೇಗ. ಆಗ ಬ್ರೇಕು ಒತ್ತಿದರೆ ಅಷ್ಟೂ ಶಕ್ತಿ ಕೆಲವೇ ಸೆಕೆಂಡುಗಳಲ್ಲಿ ಬ್ರೇಕಿನ ಪಟ್ಟಿಗಳಲ್ಲಿ ಶಾಖವಾಗಬೇಕು. ಒಂದೂವರೆ ಲೀಟರು ತಣ್ಣೀರನ್ನು ಮರಳಿಸುವಷ್ಟು ಶಾಖ ಅದು. ಒಂದರ ಹಿಂದೆ ಒಂದು ದಿಬ್ಬ ಇಳಿದರೆ ಪಟ್ಟಿಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ.

ಗೇರಿನಲ್ಲಿಯೇ ಇಳಿದರೆ ಹಾಗಲ್ಲ. ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ದಿಬ್ಬದುದ್ದಕ್ಕೂ ಸಾಲವು ಸ್ವಲ್ಪ ಸ್ವಲ್ಪವಾಗಿ ಎಂಜಿನ್ನಿನಲ್ಲಿ ತೀರುತ್ತ ಬರುತ್ತದೆ. ಬ್ರೇಕಿಗೆ ಉಳಿಯುವುದು ಅಲ್ಪ.

ಡೀಸೆಲ್ ಉಳಿಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಗೇರಿನಲ್ಲಿದ್ದು ಆಕ್ಸಲರೇಟರು ಬಿಟ್ಟು ಇಳಿಯುವಾಗ ಗಾಡಿಯೇ ಎಂಜಿನ್ನನ್ನು ತಿರುಗಿಸುವುದರಿಂದ ಎಂಜಿನ್ನು ಎಣ್ಣೆಯನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ನ್ಯೂಟ್ರಲಿನಲ್ಲಿ ಎಂಜಿನ್ನು ಆರದಂತೆ ನಡೆಯಲು ಎಣ್ಣೆ ಬೇಕೇ ಬೇಕು. ಉಳಿತಾಯವೆಂದು ನಾವು ತಿಳಿದದ್ದು ಉಳಿತಾಯವೇ ಅಲ್ಲ.

ವೇಗ ಎರಡು ಪಾಲಾದರೆ ಪೆಟ್ಟು ನಾಲ್ಕು ಪಾಲು

ಇನ್ನೊಂದು ಮಾತು. ಇದನ್ನು ಮರೆತರೂ ಅಪಾಯ. ವೇಗ ಎರಡರಷ್ಟಾದರೆ ಚಲನಶಕ್ತಿ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ವೇಗ ಮೂರರಷ್ಟಾದರೆ ಶಕ್ತಿ ಒಂಬತ್ತರಷ್ಟು.

ಬಾವಿಯ ಅಳತೆಯಲ್ಲಿ ಹೇಳುತ್ತೇನೆ. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹೋಗಿ ಗೋಡೆಗೆ ಬಡಿದರೆ ಸುಮಾರು 5 ಅಡಿ ಮೇಲಿನಿಂದ ಬಿದ್ದ ಹಾಗೆ. 40 ಕಿಲೋಮೀಟರಿನಲ್ಲಿ ಬಡಿದರೆ ನೀರಿಲ್ಲದ 20 ಅಡಿ ಬಾವಿಗೆ ಬಿದ್ದ ಹಾಗೆ. 60 ಕಿಲೋಮೀಟರಿನಲ್ಲಿ ಬಡಿದರೆ 46 ಅಡಿ ಬಾವಿಗೆ ಬಿದ್ದ ಹಾಗೆ. ಬಾವಿಯ ಕಟ್ಟೆಯ ಮೇಲೆ ಮಗುವನ್ನು ನಿಲ್ಲಿಸಲು ನಮಗೆ ಎದೆ ನಡುಗುತ್ತದೆ. ಅದೇ ಮಗುವನ್ನು ಮೋಟಾರು ಸೈಕಲ್ಲಿನ ಮುಂದೆ ಕೂರಿಸಿಕೊಂಡು 60ರಲ್ಲಿ ಹೋಗುತ್ತೇವೆ.

ನಿಲ್ಲುವ ದೂರವೂ ಹೀಗೆಯೇ. 20ರಲ್ಲಿ ಬ್ರೇಕು ಹಾಕಿ 5 ಮೀಟರಿನಲ್ಲಿ ನಿಲ್ಲುವ ಗಾಡಿ 40ರಲ್ಲಿ 20 ಮೀಟರು ಹೋಗಿ ನಿಲ್ಲುತ್ತದೆ. ಇದರ ಜೊತೆಗೆ, ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆಂದರೆ, 40ರ ವೇಗದಲ್ಲಿ ಅಷ್ಟರೊಳಗೇ ಗಾಡಿ 11 ಮೀಟರು ದಾಟಿರುತ್ತದೆ. ಒಟ್ಟು 31 ಮೀಟರು. ಹಳ್ಳಿಯ ರಸ್ತೆಯಲ್ಲಿ ದನ, ಕುರಿ, ಮಕ್ಕಳು 31 ಮೀಟರು ಮುಂಚೆ ಹೇಳಿ ಅಡ್ಡ ಬರುವುದಿಲ್ಲ. ಪಟ್ಟಣದ ಬಡಾವಣೆಯ ಅಡ್ಡರಸ್ತೆಗಳಲ್ಲೂ ಹಾಗೆಯೇ.

ತಿರುವಿಗೂ ಇದೇ ನಿಯಮ. ನೇರವಾಗಿ ಹೋಗಬಯಸುವ ಗಾಡಿಯನ್ನು ತಿರುಗಿಸಲು ಬೇಕಾದ ಬಲ ವೇಗ ಇಮ್ಮಡಿಯಾದರೆ ನಾಲ್ಮಡಿಯಾಗುತ್ತದೆ. ಹುಲ್ಲಿನಂತೆ ಎತ್ತರಕ್ಕೆ ಹೇರಿದ ಹೇರು ಮಗುಚುವುದು ತಿರುವಿನಲ್ಲಿಯೇ.

ನೆಲವೂ ನಮ್ಮನ್ನು ತಳ್ಳುತ್ತದೆ

ನ್ಯೂಟನ್ನನ ಮೂರನೆಯ ನಿಯಮವನ್ನು ಹೇಳಿ ಮುಗಿಸುತ್ತೇನೆ. ನಾವು ಯಾವುದನ್ನು ತಳ್ಳುತ್ತೇವೆಯೋ ಅದು ಅಷ್ಟೇ ಬಲದಿಂದ ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಟ್ರ್ಯಾಕ್ಟರಿನ ಚಕ್ರ ನೆಲವನ್ನು ಹಿಂದಕ್ಕೆ ನೂಕುತ್ತದೆ, ನೆಲ ಚಕ್ರವನ್ನು ಮುಂದಕ್ಕೆ ನೂಕುತ್ತದೆ. ಕೆಸರಿನಲ್ಲಿ ಚಕ್ರ ಬರಿದೇ ತಿರುಗುವುದು ಎಂಜಿನ್ನಿನಲ್ಲಿ ಬಲವಿಲ್ಲವೆಂದಲ್ಲ. ನೆಲ ಹಿಂದಿರುಗಿ ತಳ್ಳುತ್ತಿಲ್ಲ, ಅಷ್ಟೆ.

ಮರದ ಬೊಡ್ಡೆ ಕೀಳಲು ಸರಪಳಿ ಕಟ್ಟುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ನೀವು ಬೊಡ್ಡೆಯನ್ನು ಎಳೆದಷ್ಟು ಬೊಡ್ಡೆಯೂ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದ್ದರೆ ಆ ಎಳೆತ ಟ್ರ್ಯಾಕ್ಟರಿನ ಮುಂಭಾಗವನ್ನು ಮೇಲೆತ್ತಿ ಚಾಲಕನ ಮೇಲೆಯೇ ಮಗುಚುತ್ತದೆ. ಜಿಗಿಯಲು ಹೊತ್ತು ಸಿಕ್ಕುವುದಿಲ್ಲ. ಸರಪಳಿಯನ್ನು ಯಾವಾಗಲೂ ಕೆಳಗಿನ ಎಳೆಪಟ್ಟಿಗೇ ಕಟ್ಟತಕ್ಕದ್ದು.

ಮನೆಗೆ ಒಯ್ಯಬೇಕಾದ ಮಾತುಗಳು

1. ಯಾವ ಗೇರಿನಲ್ಲಿ ದಿಬ್ಬ ಏರಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಯುವ ಮೊದಲೇ ಗೇರು ಹಾಕಿಕೊಳ್ಳಿ. ನಡುವೆ ಕ್ಲಚ್ಚು ಒತ್ತಬೇಡಿ. ಕ್ಲಚ್ಚು ಒತ್ತಿದರೂ ಅದು ನ್ಯೂಟ್ರಲ್ ಮಾಡಿದ ಹಾಗೆಯೇ.

2. ರಸ್ತೆಗೆ ಬರುವ ಮೊದಲು ಟ್ರ್ಯಾಕ್ಟರಿನ ಎರಡು ಬ್ರೇಕು ಪೆಡಲುಗಳನ್ನೂ ಕೊಂಡಿ ಹಾಕಿ ಜೋಡಿಸಿ. ಒಂದೇ ಕಡೆಯ ಚಕ್ರ ನಿಂತರೆ ಗಾಡಿ ಗಿರಕಿ ಹೊಡೆಯುತ್ತದೆ.

3. ಟ್ರೈಲರಿಗೆ ಬ್ರೇಕು ಇರಲಿ. ಹಿಂದೆ ಹೊಳೆಯುವ ಪಟ್ಟಿ, ದೀಪ ಇರಲಿ. ಹಿಂದಿನಿಂದ ವೇಗವಾಗಿ ಬರುವವನಿಗೂ ನಿಲ್ಲಲು ದೂರ ಬೇಕೆಂಬುದನ್ನು ಮರೆಯಬೇಡಿ.

4. ಹೇರನ್ನು ಬಿಗಿಯಾಗಿ ಕಟ್ಟಿ. ಎತ್ತರಕ್ಕೆ ಹೇರಬೇಡಿ.

5. ಟ್ರ್ಯಾಕ್ಟರಿನಲ್ಲಿ ಚಾಲಕನಿಗೆ ಒಂದೇ ಪೀಠ ಉಂಟು. ಮಡ್ಗಾರ್ಡಿನ ಮೇಲೆ, ಮೂಟೆಯ ಮೇಲೆ, ಕೊಂಡಿಯ ಮೇಲೆ ಯಾರನ್ನೂ ಕೂರಿಸಬೇಡಿ.

ಬಾಂಧವರೇ, ಈ ಐದರಲ್ಲಿ ಯಾವುದಕ್ಕೂ ಹೆಚ್ಚು ಹಣ ಬೇಕಿಲ್ಲ. ಟ್ರೈಲರಿನ ಬ್ರೇಕಿಗೆ ಮಾತ್ರ ಸ್ವಲ್ಪ ಖರ್ಚು. ಉಳಿದವುಗಳಿಗೆ ಒಂದು ಹಗ್ಗ, ಒಂದು ಕೊಂಡಿ, ಸ್ವಲ್ಪ ತಾಳ್ಮೆ ಸಾಕು.

ಕೊನೆಯದಾಗಿ ಇಲ್ಲಿರುವ ಕಿರಿಯರಿಗೆ ಒಂದು ಮಾತು. ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಇದನ್ನು ನನಗಿಂತ ಚೆನ್ನಾಗಿ ಓದಿದ್ದೀರಿ. ಗಾಡಿಯಲ್ಲಿ ಹೋಗುವಾಗ ದಿಬ್ಬದ ನೆತ್ತಿಯಲ್ಲಿ ಹಿರಿಯರು ನ್ಯೂಟ್ರಲಿಗೆ ಕೈ ಹಾಕಿದರೆ, "ಮಾವಾ, ಗೇರಿನಲ್ಲೇ ಇಳಿಸಿ" ಎಂದು ಮರ್ಯಾದೆಯಿಂದ ಹೇಳಿ. ಅವರು ಬೈದರೆ ಬೈಸಿಕೊಳ್ಳಿ. ಹಿರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಹೇಳಿದ ಹುಡುಗನನ್ನು ಬೈಯಬೇಡಿ. ಆ ಹುಡುಗ ಈಗ ಮರದ ಪಾದ ಕಟ್ಟಿಕೊಂಡು ಊರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ನನ್ನನ್ನು ಕಂಡರೆ ನಗುತ್ತಾನೆ. ಅಂದು ನಾನು ಎರಡು ಮಾತು ಆಡಿದ್ದರೆ ಅವನು ತನ್ನ ಹೊಲ ಉಳುತ್ತಿದ್ದ.